ಐದನೇ ಗೇರಿನ ಮೇಲೊಂದು ಗೇರು: ನಮ್ಮ ಪಿಕಪ್‌ಗಳಿಗೆ ಬೇಕೆ?



ಮುಹೂರ್ತದ ದಿನ ಅಡುಗೆಯವನ ಮರ್ಯಾದೆ ಅರ್ಧ ಒಲೆಯ ಮೇಲಿರುತ್ತದೆ, ಇನ್ನರ್ಧ ಗಾಡಿಯ ಚಕ್ರದ ಮೇಲಿರುತ್ತದೆ. ಹಿಂದೆ ನಮ್ಮವರ ಮದುವೆ, ಮುಂಜಿಗಳೆಲ್ಲ ಕಾಚಿಗೂಡ, ಬರ್ಕತ್‌ಪುರ, ನಾರಾಯಣಗೂಡ, ಸುಲ್ತಾನ್ ಬಜಾರ್ ಸುತ್ತಮುತ್ತಲೇ ಆಗುತ್ತಿದ್ದವು. ಒಂದು ಟ್ರಾಲಿ ಆಟೋ ಎರಡು ಸಲ ಹೋಗಿ ಬಂದರೆ ಕೊಪ್ಪರಿಗೆ, ಹಂಡೆ, ಗ್ರೈಂಡರ್ ಎಲ್ಲ ಸೇರಿಬಿಡುತ್ತಿತ್ತು. ಈಗ ಫಂಕ್ಷನ್ ಹಾಲ್‌ಗಳು ಊರ ಹೊರಗೆ ಹೋಗಿವೆ. ಶಂಷಾಬಾದ್, ಮೊಯಿನಾಬಾದ್, ಕೊಂಪಳ್ಳಿ, ಮೇಡ್ಚಲ್, ಶಾಮೀರ್‌ಪೇಟೆ ಎಂದು 158 ಕಿಲೋಮೀಟರ್ ಉದ್ದದ ಹೊರವರ್ತುಲ ರಸ್ತೆಯ ಯಾವ ಮೂಲೆಗಾದರೂ ನಾವು ಹೋಗಲೇಬೇಕು. ಇದರ ಮೇಲೆ ಬೀದರ್, ರಾಯಚೂರು, ಕಲಬುರಗಿ, ಮಂತ್ರಾಲಯದ ಆರ್ಡರುಗಳು ಬೇರೆ. ಹೀಗಾಗಿ ಬೇಳೆ, ಎಣ್ಣೆಯ ಲೆಕ್ಕದ ಜೊತೆಗೆ ಡೀಸೆಲ್ ಲೆಕ್ಕವೂ ತಲೆಬಿಸಿಯ ವಿಷಯವಾಗಿದೆ.

ಈ ತಲೆಬಿಸಿಗೆ ಮದ್ದು ಎಂದು ಇತ್ತೀಚೆಗೆ ನಮ್ಮಲ್ಲಿ ಕೆಲವರು ‘ಓವರ್‌ಡ್ರೈವ್’ ವಿಚಾರ ಎತ್ತುತ್ತಿದ್ದಾರೆ. ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಸಣ್ಣ ಗೇರ್‌ಬಾಕ್ಸ್ ಕೂರಿಸಿದರೆ ಎಂಜಿನ್ನಿನ ಸುತ್ತು ನೂರಕ್ಕೆ 22ರಷ್ಟು ಇಳಿಯುತ್ತದೆ, ಆದ್ದರಿಂದ ಡೀಸೆಲ್ಲೂ ಅಷ್ಟೇ ಉಳಿಯುತ್ತದೆ ಎಂಬುದು ಅವರ ವಾದ. ಹತ್ತು ಗಾಡಿಗೆ ಒಟ್ಟಿಗೆ ಹಾಕಿಸಿದರೆ ಅಗ್ಗವಾಗಬಹುದೆಂಬ ಮಾತೂ ಬಂದಿದೆ. ವಾದದ ಮೊದಲರ್ಧ ನಿಜ, ಎರಡನೆಯ ಅರ್ಧ ನಿಜವಲ್ಲ. ನಮ್ಮ ಪೈಕಿ ಹೆಚ್ಚಿನವರಿಗೆ ಈ ಖರ್ಚು ಬೇಡ ಎಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ಒಂದೊಂದಾಗಿ ಬರೆಯುತ್ತೇನೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ.

ಇದು ಎಂಥ ವಸ್ತು?

ಗೇರ್‌ಬಾಕ್ಸಿಗೆ ಒಳಗೆ ಹೋಗುವ ಸುತ್ತಿಗಿಂತ ಹೊರಗೆ ಬರುವ ಸುತ್ತು ಹೆಚ್ಚಾದರೆ ಅದಕ್ಕೆ ಓವರ್‌ಡ್ರೈವ್ ಎನ್ನುತ್ತಾರೆ. ಚಕ್ರ ಅಷ್ಟೇ ವೇಗದಲ್ಲಿ ತಿರುಗುತ್ತದೆ, ಎಂಜಿನ್ ಮಾತ್ರ ನಿಧಾನವಾಗಿ ಓಡುತ್ತದೆ. ಬಿಡಿಯಾಗಿ ಹಾಕುವ ಓವರ್‌ಡ್ರೈವ್ ಘಟಕವನ್ನು ಗೇರ್‌ಬಾಕ್ಸಿನ ಹಿಂಬದಿಗೆ ಬೋಲ್ಟ್ ಮಾಡಿ, ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿ, ಮತ್ತೆ ಬ್ಯಾಲೆನ್ಸ್ ಮಾಡಿ ಕೂರಿಸಬೇಕು. ಒಳಗೆ ನಡುವೆ ಒಂದು ಹಲ್ಲುಚಕ್ರ, ಅದರ ಸುತ್ತ ಸುತ್ತುವ ಸಣ್ಣ ಚಕ್ರಗಳು, ಹೊರಗೊಂದು ಬಳೆ ಇರುತ್ತದೆ. ಚಾಲಕ ಸ್ವಿಚ್ ಒತ್ತಿದರೆ ಎಣ್ಣೆಯ ಒತ್ತಡದಿಂದ ಕ್ಲಚ್ ಹಿಡಿದು ಓವರ್‌ಡ್ರೈವ್ ಬೀಳುತ್ತದೆ.

ಇಂಗ್ಲೆಂಡಿನ ಎಡ್ಗರ್ ಡಿ ನಾರ್ಮನ್‌ವಿಲ್ ರೂಪಿಸಿದ ಈ ಬಗೆಯ ಘಟಕವನ್ನು ಶೆಫೀಲ್ಡ್ ನಗರದ ಲೇಕಾಕ್ ಕಂಪೆನಿ ತಯಾರಿಸುತ್ತಿತ್ತು. ಟ್ರಯಂಫ್, ಎಂಜಿ, ವೋಲ್ವೊ ಕಾರುಗಳಲ್ಲಿ ಅದು ಬರುತ್ತಿತ್ತು. ಅಮೆರಿಕದಲ್ಲಿ ಗೇರ್ ವೆಂಡರ್ಸ್ ಎಂಬ ಕಂಪೆನಿ ಅದೇ ಪರಂಪರೆಯ ಘಟಕವನ್ನು ಪಿಕಪ್ ಟ್ರಕ್‌ಗಳಿಗೆ ಮಾರುತ್ತದೆ. ಅದರ ಅನುಪಾತ 0.78. ಮೇಲೆ ಹೇಳಿದ 22ರ ಲೆಕ್ಕ ಬಂದದ್ದು ಇದರಿಂದಲೇ.

ಅಲ್ಲಿ ಇದಕ್ಕೆ ಬೇಡಿಕೆ ಬರಲು ಬಲವಾದ ಕಾರಣವಿತ್ತು. 1989ರಲ್ಲಿ ಕಮಿನ್ಸ್ ಡೀಸೆಲ್ ಎಂಜಿನ್ ಹೊತ್ತು ಬಂದ ಡಾಡ್ಜ್ ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಇದ್ದದ್ದು ಮೂರೇ ಗೇರು, ಮೂರನೆಯದೇ ನೇರ ಗೇರು. ಅಂಥ ಗಾಡಿಗೆ ದೊಡ್ಡ ಟ್ರೇಲರ್ ಕಟ್ಟಿಕೊಂಡು ದಿನಕ್ಕೆ ನೂರಾರು ಮೈಲಿ ಒಂದೇ ವೇಗದಲ್ಲಿ ಓಡುವವನಿಗೆ ಮೇಲೊಂದು ಗೇರು ವರವೇ ಸರಿ. ನಮ್ಮ ಗಾಡಿಗಳ ಕಥೆ ಬೇರೆ.

ನಮ್ಮ ಗಾಡಿಯಲ್ಲಿ ಆಗಲೇ ಇದೆ

ನಮ್ಮಲ್ಲಿ ಓಡುವ ಐದು ಗೇರಿನ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರು, ಐದನೆಯದು ಓವರ್‌ಡ್ರೈವ್. ಅನುಮಾನವಿದ್ದರೆ ಗಾಡಿಯ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿ. ಐದನೇ ಗೇರಿನ ಮುಂದೆ ಒಂದಕ್ಕಿಂತ ಕಡಿಮೆ ಸಂಖ್ಯೆ ಇದ್ದರೆ ಕಂಪೆನಿಯೇ ನಿಮಗೆ ಓವರ್‌ಡ್ರೈವ್ ಕೊಟ್ಟಿದೆ ಎಂದರ್ಥ. ಅದರ ಮೇಲೆ ಇನ್ನೊಂದು ಹಾಕಿದರೆ ಏನಾಗುತ್ತದೆ, ಲೆಕ್ಕ ಹಾಕೋಣ.

ಟೈರಿನ ಸುತ್ತಳತೆ 2.2 ಮೀಟರ್, ಹಿಂದಿನ ಹೌಸಿಂಗ್‌ನ ಅನುಪಾತ 4.5, ಐದನೇ ಗೇರು 0.85 ಎಂದು ಉದಾಹರಣೆಗೆ ಹಿಡಿಯಿರಿ. ಗಂಟೆಗೆ 80 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1,333 ಮೀಟರ್. ಚಕ್ರ ನಿಮಿಷಕ್ಕೆ 606 ಸುತ್ತು ತಿರುಗುತ್ತದೆ, ಎಂಜಿನ್ ಸುಮಾರು 2,300 ಸುತ್ತು. ಓವರ್‌ಡ್ರೈವ್ ಹಾಕಿದರೆ ಅದು 1,800ಕ್ಕೆ ಇಳಿಯುತ್ತದೆ. ಕೇಳಲು ಚೆನ್ನ. ಆದರೆ ಅದೇ ಗಾಡಿ 60ರಲ್ಲಿ ಹೋಗುವಾಗ ಎಂಜಿನ್ 1,740ರಿಂದ 1,360ಕ್ಕೆ ಬೀಳುತ್ತದೆ. ಈಗಿನ ಹಲವು ಪಿಕಪ್‌ಗಳ ಡೀಸೆಲ್ ಎಂಜಿನ್ನಿಗೆ ಪೂರ್ತಿ ಎಳೆತ ಸಿಗುವುದು ಸುಮಾರು 1,400ರಿಂದ ಮೇಲಕ್ಕೆ. ಅಂದರೆ 60ರಲ್ಲಿ ಓವರ್‌ಡ್ರೈವ್ ಹಾಕಿದರೆ ತುಂಬಿದ ಗಾಡಿ ಗುಂಯ್‌ಗುಡುತ್ತಾ ನಡುಗುತ್ತದೆ. ಚಾಲಕ ಆಕ್ಸಿಲರೇಟರ್ ಇನ್ನೂ ಒತ್ತುತ್ತಾನೆ, ಇಲ್ಲವೇ ಸ್ವಿಚ್ ಆರಿಸಿ ಹಳೆಯ ಗೇರಿಗೇ ಬರುತ್ತಾನೆ. ಹಾಕಿಸಿದ ವಸ್ತು ಕೆಲಸಕ್ಕೆ ಬರುವುದು 70ರಿಂದ 80ರ ಕಿರಿದಾದ ಪಟ್ಟಿಯಲ್ಲಿ ಮಾತ್ರ.

80ರಿಂದ ಮೇಲೆ ಹೋಗೋಣ ಎಂದರೆ ಅಲ್ಲಿ ಬಾಗಿಲು ಮುಚ್ಚಿದೆ. 2018ರ ಕೇಂದ್ರ ಅಧಿಸೂಚನೆಯ ಪ್ರಕಾರ ಸರಕು ವಾಹನಗಳಿಗೆ ಎಕ್ಸ್‌ಪ್ರೆಸ್ ರಸ್ತೆಯಲ್ಲೂ, ಚತುಷ್ಪಥ ಹೆದ್ದಾರಿಯಲ್ಲೂ 80 ಕಿಲೋಮೀಟರೇ ಗರಿಷ್ಠ. 2015ರ ನಂತರ ಬಂದ ಬಹುಪಾಲು ಸರಕು ವಾಹನಗಳಲ್ಲಿ 80ಕ್ಕೆ ತಡೆಯುವ ಸ್ಪೀಡ್ ಗವರ್ನರ್ ಕೂಡ ಇದೆ. ಹೊರವರ್ತುಲ ರಸ್ತೆಯಲ್ಲಿ ಕಾರುಗಳು 120ರಲ್ಲಿ ಹೋಗುತ್ತವೆಂದು ಸಾಂಬಾರಿನ ಹಂಡೆ ಹೊತ್ತ ನಾವು ಅವುಗಳ ಹಿಂದೆ ಓಡುವಂತಿಲ್ಲ.

22 ಪರ್ಸೆಂಟ್ ಎಲ್ಲಿ ಹೋಯಿತು?

ಸುತ್ತು 22ರಷ್ಟು ಇಳಿದರೆ ಡೀಸೆಲ್ 22ರಷ್ಟು ಉಳಿಯುವುದಿಲ್ಲ. ಗಾಳಿಯನ್ನು ಸೀಳಲು, ಟೈರನ್ನು ಉರುಳಿಸಲು, ಒಂದೂವರೆ ಟನ್ ಸಾಮಾನನ್ನು ಏರಿ ಹತ್ತಿಸಲು ಬೇಕಾದ ಶಕ್ತಿ ಅಷ್ಟೇ ಇರುತ್ತದೆ. ಅದನ್ನು ಕೊಡುವುದು ಡೀಸೆಲ್ಲೇ. ಉಳಿಯುವುದು ಎಂಜಿನ್ನಿನ ಒಳಗಿನ ತಿಕ್ಕಾಟದಲ್ಲಿ ವ್ಯರ್ಥವಾಗುವ ಪಾಲು ಮಾತ್ರ. ಪೆಟ್ರೋಲ್ ಎಂಜಿನ್ ಅರ್ಧ ಮುಚ್ಚಿದ ಕವಾಟದ ಮೂಲಕ ಗಾಳಿ ಎಳೆಯಲು ಹೆಣಗುತ್ತದೆ, ಆದ್ದರಿಂದ ಅದಕ್ಕೆ ಸುತ್ತು ಇಳಿದರೆ ಲಾಭ ಹೆಚ್ಚು. ಡೀಸೆಲ್ಲಿಗೆ ಆ ಹೆಣಗಾಟ ಕಡಿಮೆ, ಹಾಗೆಯೇ ಲಾಭವೂ ಕಡಿಮೆ.

ಆದರೂ ಉದಾರವಾಗಿ ಹೆದ್ದಾರಿಯಲ್ಲಿ 10 ಪರ್ಸೆಂಟ್ ಉಳಿಯಿತೆನ್ನೋಣ. ಒಂದು ಗಾಡಿ ತಿಂಗಳಿಗೆ 2,000 ಕಿಲೋಮೀಟರ್ ಓಡುತ್ತದೆ. ಅದರಲ್ಲಿ ಬೇಗಂ ಬಜಾರ್, ಬೋವೆನ್‌ಪಲ್ಲಿ ಮಾರ್ಕೆಟ್, ಗುಡಿಮಲ್ಕಾಪುರ, ಮನೆ, ಹಾಲ್ ಎಂದು ಊರೊಳಗಿನ ಓಡಾಟವೇ ಮುಕ್ಕಾಲು. ನಿಜವಾದ ಹೆದ್ದಾರಿ 500 ಕಿಲೋಮೀಟರ್. ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ ಅದಕ್ಕೆ ಬೇಕಾದ ಡೀಸೆಲ್ ಸುಮಾರು 42 ಲೀಟರ್. ಅದರಲ್ಲಿ 10 ಪರ್ಸೆಂಟ್ ಎಂದರೆ 4.2 ಲೀಟರ್. ಲೀಟರಿಗೆ 95 ರೂಪಾಯಿ ಎಂದು ಹಿಡಿದರೆ ತಿಂಗಳ ಉಳಿತಾಯ 400 ರೂಪಾಯಿ.

ಈ ಘಟಕ ನಮ್ಮ ರಾಣಿಗಂಜ್ ಅಂಗಡಿಗಳಲ್ಲಿ ಕಪಾಟಿನಿಂದ ಇಳಿಸಿ ಕೊಡುವ ವಸ್ತುವಲ್ಲ. ತರಿಸಬೇಕು, ಸುಂಕ ಕಟ್ಟಬೇಕು, ನಮ್ಮ ಗೇರ್‌ಬಾಕ್ಸಿಗೆ ಹೊಂದುವ ಅಡಾಪ್ಟರ್ ಲೇತ್‌ನಲ್ಲಿ ಮಾಡಿಸಬೇಕು, ಶಾಫ್ಟ್ ಕೆಲಸ ಮಾಡಿಸಬೇಕು. ಎಲ್ಲ ಸೇರಿ ಒಂದೂವರೆ ಲಕ್ಷವೇ ಎಂದು ಕಡಿಮೆಯಲ್ಲೇ ಹಿಡಿಯಿರಿ. ತಿಂಗಳಿಗೆ 400ರಂತೆ ಅದು ವಾಪಸ್ ಬರಲು 375 ತಿಂಗಳು ಬೇಕು, ಅಂದರೆ 31 ವರ್ಷ. ಗಾಡಿ ಅಷ್ಟು ದಿನ ಇರುವುದಿಲ್ಲ. ನಿಮ್ಮ ಗಾಡಿ ಇದರ ಮೂರರಷ್ಟು ಹೆದ್ದಾರಿ ಓಡಿದರೂ ಹತ್ತು ವರ್ಷ ದಾಟುತ್ತದೆ. ಮದುವೆ ಆರ್ಡರ್ ಹಿಡಿಯುವಾಗ ಎಲೆಗೆ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ಇಲ್ಲಿ ಏಕೆ ಲೆಕ್ಕ ಮರೆಯಬೇಕು?

ಹಿಂದೆ ತೆಗೆಯುವಾಗ ಎಚ್ಚರ

ದುಡ್ಡಿಗಿಂತ ಮುಖ್ಯವಾದ ವಿಷಯ ಇನ್ನು ಮುಂದಿನದು. ಲೇಕಾಕ್ ಮಾದರಿಯ ಓವರ್‌ಡ್ರೈವ್‌ನಲ್ಲಿ ಒಂದೇ ದಿಕ್ಕಿಗೆ ತಿರುಗಲು ಬಿಡುವ ಕ್ಲಚ್ ಇರುತ್ತದೆ. ಓವರ್‌ಡ್ರೈವ್ ಬಿದ್ದಿರುವಾಗಲೇ ರಿವರ್ಸ್ ಗೇರ್ ಹಾಕಿ ಎಳೆದರೆ ಒಳಗಿನದೆಲ್ಲ ಪುಡಿಯಾಗಬಹುದು. ಅದಕ್ಕಾಗಿ ಸ್ವಿಚ್ ರಿವರ್ಸ್‌ನಲ್ಲಿ ತಾನೇ ಕಡಿದುಹೋಗುವಂತೆ ವೈರಿಂಗ್ ಮಾಡಬೇಕು. ನಮ್ಮ ಗಾಡಿಗಳು ಹಿಂದಕ್ಕೆ ಹೋದಷ್ಟು ಇನ್ಯಾವ ಗಾಡಿ ಹೋಗುತ್ತದೆ? ಪ್ರತಿ ಹಾಲ್‌ನ ಅಡುಗೆಮನೆ ಬಾಗಿಲಿಗೆ, ಬೆಳಗಿನ ಜಾವ ಮೂರಕ್ಕೆ, ಕತ್ತಲಲ್ಲಿ, ಅರೆನಿದ್ದೆಯ ಹುಡುಗನೊಬ್ಬ ‘ಬರ್ಲಿ, ಬರ್ಲಿ’ ಎನ್ನುತ್ತಿರುವಾಗ ನಾವು ರಿವರ್ಸ್‌ನಲ್ಲೇ ಹೋಗಬೇಕು. ವೈರಿಂಗಿನ ಒಂದು ಸಣ್ಣ ದೋಷಕ್ಕೆ ಗಾಡಿ ಅಲ್ಲೇ ಕೂತರೆ ಸಂಜೆಯ ರಿಸೆಪ್ಷನ್ನಿಗೆ ಪಾತ್ರೆ ಹೋಗುವುದು ಹೇಗೆ?

ಇಳಿಜಾರಿನದೂ ಹಾಗೆಯೇ. ಓವರ್‌ಡ್ರೈವ್‌ನಲ್ಲಿ ಎಂಜಿನ್ನಿನ ಹಿಡಿತ ಸಡಿಲವಾಗುತ್ತದೆ. ವಿಕಾರಾಬಾದ್ ಬಳಿಯ ಅನಂತಗಿರಿ ಇಳಿಯುವಾಗ ಸ್ವಿಚ್ ಆರಿಸಲು ಮರೆತವನು ಬ್ರೇಕನ್ನೇ ನಂಬಬೇಕು. ಹಿಂದೆ ಇರುವುದು ಗ್ಯಾಸ್ ಸಿಲಿಂಡರ್, ಕುದಿಯುವ ಸಾರು, ಅವುಗಳ ಮಧ್ಯೆ ಕೂತ ನಮ್ಮದೇ ಹುಡುಗರು. ಹುಡುಗರನ್ನು ಹಿಂದೆ ಕೂರಿಸುವುದೇ ತಪ್ಪು, ಆ ಮಾತು ಬೇರೆಯಾಗಿ ಬರೆಯಬೇಕಾದದ್ದು.

ಎಲ್ಲಕ್ಕಿಂತ ಅಪಾಯದ ಸಂಗತಿ ಸ್ಪೀಡಾಮೀಟರಿನದು. ವೇಗ ಅಳೆಯುವ ಸೆನ್ಸರ್ ಗೇರ್‌ಬಾಕ್ಸಿನಲ್ಲಿದ್ದು ಓವರ್‌ಡ್ರೈವ್ ಅದರ ಹಿಂದೆ ಕೂತರೆ, ಮೀಟರ್ 80 ತೋರಿಸುವಾಗ ಗಾಡಿ ನಿಜವಾಗಿ 102ರಲ್ಲಿ ಹೋಗುತ್ತಿರುತ್ತದೆ. ಗವರ್ನರೂ ಮೋಸ ಹೋಗುತ್ತದೆ. ‘ಅದೇ ಒಳ್ಳೆಯದಲ್ಲವೇ’ ಎಂದು ನಗುವವರು ಇದ್ದಾರೆ. ನಗು ನಿಲ್ಲುವುದು ಅಪಘಾತವಾದ ದಿನ.

ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ವ್ಯಾಖ್ಯಾನಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂನ ನಾಲ್ಕನೇ ಉಪಕಲಂ, ಅನುಮತಿಯಿಲ್ಲದೆ ಬಿಡಿಭಾಗ ಜೋಡಿಸಿ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎಂದಿದೆ. ಗೇರ್‌ಬಾಕ್ಸಿನ ವಿವರ ಆರ್‌ಸಿಯಲ್ಲಿ ಇಲ್ಲವಲ್ಲ ಎಂದು ವಾದಿಸಬಹುದು. ಖಾಲಿ ಗಾಡಿಯ ತೂಕವಂತೂ ಇದೆ, ಘಟಕ ಸೇರಿದರೆ ಅದು ಬದಲಾಗುತ್ತದೆ. ವಾದ ಗೆಲ್ಲುವುದು ಬಿಡುವುದು ಆಮೇಲಿನ ಮಾತು. ಆರ್‌ಟಿಎ ಕಚೇರಿಯಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯದೆ ಯಾರೂ ಕೈಹಾಕಬಾರದು ಎಂಬುದೇ ನನ್ನ ಮಾತು.

ಎಫ್‌ಸಿ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಪ್ರತಿ ಸಲವೂ ಗಾಡಿ ತಪಾಸಣೆಗೆ ನಿಲ್ಲಬೇಕು. ಇನ್ಶೂರೆನ್ಸ್ ಕಂಪೆನಿಗೆ ತಿಳಿಸದ ಮಾರ್ಪಾಡು ಕ್ಲೇಮಿನ ಹೊತ್ತಿಗೆ ತಕರಾರಾಗುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯಾದರೆ ಇನ್ನೊಂದು ತೊಡಕು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿಯಲ್ಲಿ ಆ ಮಸಿ ಸುಟ್ಟುಹೋಗಲು ಹೊಗೆ ಸಾಕಷ್ಟು ಬಿಸಿಯಾಗಬೇಕು. ಎಂಜಿನ್ನನ್ನು ಸದಾ ಕಡಿಮೆ ಸುತ್ತಿನಲ್ಲಿ ಓಡಿಸುವುದು ಅದಕ್ಕೆ ಅನುಕೂಲವಲ್ಲ. ವಾರಂಟಿ ಇರುವ ಗಾಡಿಯ ಗೇರ್‌ಬಾಕ್ಸಿಗೆ ಹೊರಗಿನವರು ಕೈಹಾಕಿದರೆ ವಾರಂಟಿಯ ಆಸೆ ಬಿಡಬೇಕು.

ಯಾರಿಗೆ ಸರಿ?

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನಾಲ್ಕೇ ಗೇರಿನ ಹಳೆಯ ಗಾಡಿ, ಉದ್ದ ಪ್ರಯಾಣ, ಹಗುರ ಹೊರೆ, ದಿನವೂ ಒಂದೇ ವೇಗ, ಇವೆಲ್ಲ ಇದ್ದು ಲಿಖಿತ ಅನುಮತಿಯೂ ಸಿಕ್ಕಿದರೆ ಓವರ್‌ಡ್ರೈವ್ ಕೆಟ್ಟ ವಸ್ತುವಲ್ಲ. ಎಂಜಿನ್ನಿನ ಸದ್ದು ತಗ್ಗುತ್ತದೆ, ಸವೆತವೂ ಕಡಿಮೆ. ಆಟೋ ನಗರದ ಕೆಲವು ಮೇಸ್ತ್ರಿಗಳು ಇದರ ಬದಲು ಹಿಂದಿನ ಕ್ರೌನ್-ಪಿನಿಯನ್ ಬದಲಿಸಿ ಎನ್ನುತ್ತಾರೆ. ಅದು ಇನ್ನೂ ಕೆಟ್ಟದ್ದು. ಓವರ್‌ಡ್ರೈವ್ ಆರಿಸಿದರೆ ಹಳೆಯ ಎಳೆತ ವಾಪಸ್ ಬರುತ್ತದೆ. ಕ್ರೌನ್ ಬದಲಿಸಿದರೆ ಒಂದನೇ ಗೇರಿನಿಂದ ಐದರವರೆಗೆ ಎಲ್ಲದರ ಎಳೆತವೂ ಹೋಗುತ್ತದೆ. ತುಂಬಿದ ಗಾಡಿ ಬಂಜಾರ ಹಿಲ್ಸ್ ಏರಿಯಲ್ಲಿ ನಿಂತು ಹೊರಡುವಾಗ ಕ್ಲಚ್ ಪ್ಲೇಟು ಸುಟ್ಟ ವಾಸನೆ ಬರುತ್ತದೆ. ದೊಡ್ಡ ಟೈರ್ ಹಾಕುವುದೂ ಇದೇ ಜಾತಿಯ ಉಪಾಯ.

ಹಾಗಾದರೆ ಏನು ಮಾಡೋಣ?

ಡೀಸೆಲ್ ಉಳಿಸಲು ನಮ್ಮ ಕೈಯಲ್ಲೇ ಇರುವ ದಾರಿಗಳಿವೆ. ಮೊದಲನೆಯದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 65ಕ್ಕೆ ಇಳಿದರೆ ಆ ತಡೆ ಮೂರನೇ ಒಂದು ಪಾಲು ಇಳಿಯುತ್ತದೆ. ಬೀದರಿನ ದಾರಿಯನ್ನು 140 ಕಿಲೋಮೀಟರ್ ಎಂದು ಹಿಡಿದರೆ ಇದಕ್ಕೆ ತಗಲುವ ಹೆಚ್ಚಿನ ಸಮಯ 24 ನಿಮಿಷ. ಒಂದು ಪೈಸೆಯ ಬಿಡಿಭಾಗವೂ ಬೇಡ. ಸಾಮಾನಿನ ಮೇಲೆ ಟಾರ್ಪಾಲು ಬಿಗಿಯಾಗಿ ಕಟ್ಟಿ. ಕ್ಯಾಬಿನ್‌ಗಿಂತ ಎತ್ತರಕ್ಕೆ ಪಾತ್ರೆ ಪೇರಿಸಬೇಡಿ. ಪಟಪಟ ಹೊಡೆದುಕೊಳ್ಳುವ ಟಾರ್ಪಾಲು ಗಾಳಿಗೆ ಹಿಡಿದ ಕೊಡೆಯ ಹಾಗೆ.

ಎರಡನೆಯದು ತೂಕ. 19 ಕೆಜಿ ಗ್ಯಾಸಿನ ಸಿಲಿಂಡರ್ ಉಕ್ಕಿನ ತೂಕ ಸೇರಿ ಹೆಚ್ಚುಕಡಿಮೆ ಅದರ ಇಮ್ಮಡಿ ತೂಗುತ್ತದೆ. ‘ಇರಲಿ’ ಎಂದು ಮೂರು ಹೆಚ್ಚಿಗೆ ಹಾಕಿದರೆ ಇಬ್ಬರು ಮನುಷ್ಯರನ್ನು ಹೊತ್ತಂತೆ. ನೀರಿನ ಡ್ರಮ್ಮು ತುಂಬಿಸಿಕೊಂಡು ಹೋಗುವ ಅಭ್ಯಾಸ ಇನ್ನೂ ಕೆಲವರಲ್ಲಿದೆ, 200 ಲೀಟರ್ ನೀರು ಎಂದರೆ 200 ಕೆಜಿ. ಹಾಲ್‌ನಲ್ಲಿ ನೀರು ಹೇಗಿದೆ ಎಂದು ಹಿಂದಿನ ದಿನವೇ ವಿಚಾರಿಸಿದರೆ ಆಯಿತು. ಮೊಸರು, ಬಾಳೆಎಲೆ, ಸೊಪ್ಪು ಹಾಲ್ ಇರುವ ಕಡೆಯೇ ಸಿಗುವಂತಿದ್ದರೆ ಅಲ್ಲೇ ತರಿಸಿ. ಒಮ್ಮೆ ವೇಬ್ರಿಜ್ ಮೇಲೆ ಗಾಡಿ ನಿಲ್ಲಿಸಿ ತೂಗಿಸಿ ನೋಡಿ. 2019ರ ತಿದ್ದುಪಡಿಯ ಪ್ರಕಾರ ಮಿತಿ ಮೀರಿದ ಹೊರೆಗೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಟನ್ನಿಗೆ 2,000.

ಮೂರನೆಯದು ಟೈರಿನ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡಿರುವ ಬ್ರೇಕು. ಗಾಡಿ ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈಯಿಟ್ಟು ನೋಡಿ. ಮುಟ್ಟದೆಯೇ ಒಂದರಲ್ಲಿ ಹೆಚ್ಚು ಬಿಸಿ ತಿಳಿದರೆ ಬ್ರೇಕ್ ಹಿಡಿದಿದೆ ಎಂದು ಗೊತ್ತಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ನಮ್ಮ ತಡ. ಚಾಲಕ ಓಡಿಸುವುದು ಏಕೆ? ಐದಕ್ಕೆ ಹೊರಡಬೇಕಾದ ಗಾಡಿ ಆರೂವರೆಗೆ ಹೊರಟಿರುತ್ತದೆ. ಹೋಳಿಗೆ ಹೂರಣ ರುಬ್ಬುವುದು ತಡವಾಯಿತು, ಕಡಾಯಿ ಸಿಗಲಿಲ್ಲ, ಬಡಿಸುವವರು ಬರಲಿಲ್ಲ. ಹೋದ ಒಂದೂವರೆ ಗಂಟೆಯನ್ನು ರಸ್ತೆಯ ಮೇಲೆ ಸಂಪಾದಿಸು ಎಂದು ನಾವು ಚಾಲಕನಿಗೆ ಫೋನಿನ ಮೇಲೆ ಫೋನು ಮಾಡುತ್ತೇವೆ. ಅವನೋ ರಾತ್ರಿ ಹನ್ನೊಂದರವರೆಗೆ ಪಂಕ್ತಿಯಲ್ಲಿ ನೀರು ಬಡಿಸಿ, ಪಾತ್ರೆ ತುಂಬಿಸಿ, ಮೂರು ಗಂಟೆ ಮಲಗಿ ಎದ್ದವನು. ಇಂಥ ಗಾಡಿಗೆ ಇನ್ನೂ ಒಂದು ಗೇರು ಕೊಡುವುದು ಉರಿಯುವ ಒಲೆಗೆ ಎಣ್ಣೆ ಹೊಯ್ದ ಹಾಗೆ. ಬೇಕಾದದ್ದು ಹಿಂದಿನ ಸಂಜೆಯೇ ಸಿದ್ಧವಾದ ಸಾಮಾನಿನ ಪಟ್ಟಿ, ಚಾಲಕನಿಗೆ ಆರು ಗಂಟೆ ನಿದ್ದೆ, ಬೆಳಗ್ಗೆ ಹೊರಡುವ ಹೊತ್ತಿಗೆ ಹೊರಡುವ ಗಾಡಿ.

ಸಂಘಕ್ಕೆ ನನ್ನ ಸಲಹೆ ಇಷ್ಟು. ಹತ್ತು ಗಾಡಿಗೆ ಓವರ್‌ಡ್ರೈವ್ ತರಿಸುವ ಯೋಚನೆ ಕೈಬಿಡೋಣ. ಬದಲಿಗೆ ಬರುವ ಮದುವೆ ಕಾಲದಲ್ಲಿ ಹತ್ತು ಸದಸ್ಯರು ಪ್ರತಿ ಪ್ರಯಾಣದ ಕಿಲೋಮೀಟರ್, ಡೀಸೆಲ್, ಹೊರಟ ಹೊತ್ತು, ತಲುಪಿದ ಹೊತ್ತು ಬರೆದಿಡಲಿ. ಸಾಧ್ಯವಾದಲ್ಲಿ ತೂಕವನ್ನೂ ಬರೆಯಲಿ. ಮೂರು ತಿಂಗಳ ನಂತರ ಆ ಹತ್ತು ಪುಸ್ತಕಗಳನ್ನು ಸಭೆಯಲ್ಲಿ ಎದುರಿಗಿಟ್ಟುಕೊಂಡು ಮಾತಾಡೋಣ. ಅಳತೆಯಿಲ್ಲದೆ ಹಾಕಿದ ಉಪ್ಪು, ಲೆಕ್ಕವಿಲ್ಲದೆ ಹಾಕಿಸಿದ ಗೇರು, ಎರಡೂ ಒಂದೇ. ಆ ಲೆಕ್ಕದಲ್ಲಿ ಓವರ್‌ಡ್ರೈವ್‌ನಿಂದ ಲಾಭವಿದೆ ಎಂದು ಕಂಡರೆ ಆರ್‌ಟಿಎಗೆ ಅನುಮತಿ ಕೇಳಿ ಬರೆಯುವ ಮೊದಲ ಅರ್ಜಿಗೆ ನಾನೇ ಸಹಿ ಹಾಕುತ್ತೇನೆ.